ಕಾಲುದಾರಿಯ ಮೇಲೆ ಹರಡಿದ ಮೆಕ್ಕೆಜೋಳ

ದೀಪಾವಳಿ ಮುಗಿದ ವಾರ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ ಹರಪನಹಳ್ಳಿಯ ನಮ್ಮ ಕಚೇರಿಗೆ ಬಂದು, ನಾನು ಕೂರಲು ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು. ನಾನಾಗ ರಸ್ತೆ ನೋಡಿಕೊಳ್ಳುವ ಸಹಾಯಕ ಎಂಜಿನಿಯರ್. ಕೊಟ್ಟೂರಿನ ಕಡೆ ಹೋಗುವ ರಸ್ತೆಯ ಒಂದು ಭಾಗ ನನ್ನ ಪಾಲಿಗೆ ಬಂದಿತ್ತು. ಗುಂಡಿ ಬಿದ್ದರೂ ನನಗೇ ಫೋನು, ಮೋರಿ ಕಟ್ಟಿಕೊಂಡರೂ ನನಗೇ ಫೋನು. ಇವರೂ ಅಂಥದ್ದಕ್ಕೇ ಬಂದಿರಬೇಕೆಂದು, ಎಲ್ಲಿ ಗುಂಡಿ ಬಿದ್ದಿದೆ ಎಂದು ಕೇಳಿದೆ.

“ಗುಂಡಿ ಎಲ್ಲೂ ಇಲ್ರಿ. ರಸ್ತಿ ಭಾಳ ಚಲೋ ಐತಿ. ಅದ ನಮಗ ತ್ರಾಸು,” ಎಂದರು.

ಅವರ ಶಾಲೆ ಹೆದ್ದಾರಿಯ ಪಕ್ಕದಲ್ಲಿದೆ. ಒಂದು ಸಣ್ಣ ಹಳ್ಳಿಯ ಹೆಣ್ಣುಮಕ್ಕಳು ದಿನಾಲೂ ಆ ರಸ್ತೆಯ ಅಂಚು ಹಿಡಿದು ನಡೆದು ಬರುತ್ತಾರೆ. ವರ್ಷದ ಉಳಿದ ತಿಂಗಳು ಹೇಗೋ ನಡೆಯುತ್ತದೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ರೈತರು ಡಾಂಬರಿನ ಎರಡೂ ಬದಿಗೆ ಕಾಳು ಹರಡಿ, ಗಾಡಿಗಳು ಹತ್ತದಂತೆ ಸುತ್ತ ಕಲ್ಲು ಇಡುತ್ತಾರೆ. ಉಳಿದ ನಡುವಿನ ಪಟ್ಟಿಯಲ್ಲಿ ಲಾರಿ, ಬಸ್ಸು, ಬೈಕು, ಜೊತೆಗೆ ಮಕ್ಕಳು. ಹಿಂದಿನ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳ ಚೀಲಕ್ಕೆ ಬೈಕಿನ ಹ್ಯಾಂಡಲ್ ಸಿಕ್ಕಿ ಆಕೆ ಡಾಂಬರಿನ ಮೇಲೆ ಬಿದ್ದಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಮರುದಿನದಿಂದ ಅಪ್ಪ ಆಕೆಯನ್ನು ಶಾಲೆಗೆ ಕಳಿಸಲಿಲ್ಲ.

“ಸುಗ್ಗಿ ಮುಗಿಯೋತನಕ ಮನ್ಯಾಗ ಇರ್ಲಿ ಅಂತಾನ್ರಿ ಅವ್ರಪ್ಪ,” ಎಂದರು ಮುಖ್ಯ ಶಿಕ್ಷಕಿ. “ಹೋದ ವರ್ಷನೂ ಇಬ್ಬರು ಹುಡಿಗ್ಯಾರಿಗಿ ಹಂಗ ಅಂದಿದ್ರು. ಸುಗ್ಗಿ ಮುಗೀತು. ಅವರು ತಿರುಗಿ ಬರಲೇ ಇಲ್ಲ. ಇಕಿ ಚಲೋ ಓದ್ತಾಳ್ರಿ. ಇಕಿನ್ನ ನಾ ಕಳ್ಕೊಳ್ಳಾಂಗಿಲ್ಲ.”

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತೆ. ಆ ರಸ್ತೆಯ ಮೇಲೆ ನಾನು ನೂರಾರು ಸಲ ಓಡಾಡಿದ್ದೆ, ಎಲ್ಲವೂ ಜೀಪಿನ ಕಿಟಕಿಯಿಂದ. ನೆಲದ ಮೇಲೆ ನಿಂತು ನೋಡಿದಾಗ ಅದು ಬೇರೆಯೇ ರಸ್ತೆಯಂತೆ ಕಂಡಿತು. ಡಾಂಬರಿನ ಅಂಚಿನಿಂದ ಹಿಡಿದು ಒಂದಾಳುದ್ದದವರೆಗೆ ಹಳದಿ. ಹೆಂಗಸರು ಬರಿಗಾಲನ್ನು ಕಾಳಿನಲ್ಲಿ ಎಳೆಯುತ್ತ ನಡೆದು ಅದನ್ನು ತಿರುವಿ ಹಾಕುತ್ತಿದ್ದರು. ಅದರಾಚೆಯ ಮಣ್ಣಿನ ಅಂಚಿನಲ್ಲಿ ರಾಶಿ ಯಂತ್ರ, ದಿಂಡಿನ ಗುಡ್ಡೆ, ಟ್ರ್ಯಾಕ್ಟರು. ಹುಡುಗಿಯರು ಒಬ್ಬರ ಹಿಂದೊಬ್ಬರು ಕಲ್ಲಿನ ಸಾಲಿಗೆ ಅಂಟಿಕೊಂಡು ಬರುತ್ತಿದ್ದರು. ಲಾರಿ ಬಂದಾಗ ನಿಂತು, ಚೀಲವನ್ನು ಎದೆಗೆ ಅವಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ನನ್ನ ರಸ್ತೆಯ ಮೇಲೆ ಮಕ್ಕಳು ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿದ ಮೇಲೆ ಹಾಗೇ ಕಚೇರಿಗೆ ಹಿಂತಿರುಗಲು ಮನಸ್ಸಾಗಲಿಲ್ಲ.

ಬಿದ್ದು ಶಾಲೆ ಬಿಟ್ಟಿದ್ದ ಹುಡುಗಿಯ ಮನೆಗೂ ಹೋದೆ. ಅಪ್ಪ ಗಟ್ಟಿ ಆಳು, ಮಾತಿನಲ್ಲಿ ಒರಟು. ಆದರೂ ಕಂಬಳಿ ಹಾಸಿ ಕೂರಿಸಿದ.

“ನಾ ಏನ್ ಓದಿಸಬಾರ್ದು ಅನ್ನಾಂವಲ್ರಿ. ಜೀವ ಇದ್ರ ಓದು. ರಸ್ತಿ ನಿಮ್ದು. ನೀವು ಸುಧಾರ್ಸ್ರಿ, ನಾ ಕಳಸ್ತೀನಿ,” ಎಂದ.

ನೀರಿನ ತಂಬಿಗೆ ತಂದಿಟ್ಟ ಹುಡುಗಿ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. “ಯಾವಾಗ ಆಕೈತ್ರಿ ಮೇಡಂ?” ಎಂದು ಕೇಳಿದಳು.

“ಮುಂದಿನ ಸುಗ್ಗಿಯೊಳಗ,” ಎಂದುಬಿಟ್ಟೆ. ಮಂಜೂರಾತಿ ಇಲ್ಲ, ಅಂದಾಜು ಪಟ್ಟಿ ಇಲ್ಲ, ಮೇಲಿನವರಿಗೆ ಒಂದು ಮಾತೂ ತಿಳಿಸಿಲ್ಲ. ನನ್ನ ಬಾಯಿಗೆ ಬೀಗ ಇಲ್ಲವೆಂದು ಅವ್ವ ಸದಾ ಹೇಳುತ್ತಿದ್ದುದು ಸುಳ್ಳಲ್ಲ. ಆ ವರ್ಷದ ಸುಗ್ಗಿ ಮುಗಿದ ಮೇಲೆ, ಮುಖ್ಯ ಶಿಕ್ಷಕಿ ನಾಲ್ಕಾರು ಸಲ ಮನೆಗೆ ಅಲೆದು, ಹುಡುಗಿಯನ್ನು ಮತ್ತೆ ಶಾಲೆಗೆ ಕರೆತಂದರು. ಮುಂದಿನ ಸುಗ್ಗಿಗೆ ರಸ್ತೆ ಹೀಗೇ ಇದ್ದರೆ ಮತ್ತೆ ಬಿಡಿಸುವುದಾಗಿ ಅಪ್ಪ ಅವರಿಗೂ ಹೇಳಿ ಕಳಿಸಿದ್ದ.

ಇದೆಲ್ಲಕ್ಕೂ ಮೊದಲು ಒಮ್ಮೆ ನನ್ನನ್ನು ದೊಡ್ಡ ನಗರವೊಂದಕ್ಕೆ ಪಾದಚಾರಿ ಸುರಕ್ಷತೆಯ ತರಬೇತಿಗೆ ಕಳಿಸಿದ್ದರು. ಅಗಲವಾದ ಕಾಲುದಾರಿಗಳು, ಬಿಳಿ ಪಟ್ಟೆಗಳು, ಗಾಲಿಕುರ್ಚಿ ಇಳಿಯುವ ಇಳಿಜಾರುಗಳ ಚಿತ್ರ ನೋಡುತ್ತ ಹಿಂದಿನ ಬೆಂಚಿನಲ್ಲಿ ಕೂತು ಬಂದಿದ್ದೆ. ನಡೆಯುವವರಿಗೆ ಪ್ರತ್ಯೇಕ ಜಾಗ ಕೊಡಿ, ಅದನ್ನು ರಸ್ತೆಗಿಂತ ಎತ್ತರಕ್ಕೆ ಕಟ್ಟಿ ಎಂಬುದು ಅಲ್ಲಿಯ ಮಂತ್ರ. ಅದು ಈಗ ನೆನಪಿಗೆ ಬಂತು. ಹಳ್ಳಿಯಿಂದ ಶಾಲೆಯ ಗೇಟಿನವರೆಗೆ ರಸ್ತೆಯ ಒಂದು ಬದಿಗೆ ಕಾಂಕ್ರೀಟಿನ ಕಾಲುದಾರಿ ಮಾಡುವುದೆಂದು ತೀರ್ಮಾನಿಸಿದೆ.

ನನ್ನ ಮೇಲಧಿಕಾರಿ ನಿವೃತ್ತಿಯ ಹತ್ತಿರವಿದ್ದವರು. ಕಡತವನ್ನು ಓದಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಪ್ಯಾಟಿಯಾಗ ಫುಟ್‌ಪಾತ್ ಇಲ್ಲ. ನೀ ಹೊಲದ ನಡುವ ಮಾಡಾಕ ಹೊಂಟಿಯಲ್ಲವ್ವಾ,” ಎಂದರು.

“ಪ್ಯಾಟಿಯಾಗ ಗಾಡಿ ಹರಿಯೋದ ನಿಧಾನ ಸರ್. ಅಲ್ಲಿ ಹಂಗಲ್ಲ,” ಎಂದೆ. ಸೋಮವಾರ ಉಜ್ಜಿನಿಗೆ ದೇವರ ದರ್ಶನಕ್ಕೆ ಹೋಗುವ ಜೀಪುಗಳು ಆ ನೇರ ದಾರಿಯಲ್ಲಿ ಎಷ್ಟು ಜೋರಾಗಿ ಹೋಗುತ್ತವೆಂದು ಅವರೇ ಬೈಯುತ್ತಿದ್ದುದನ್ನು ನೆನಪಿಸಿದೆ. ಸಹಿ ಬಿತ್ತು.

ಮೊದಲ ಟೆಂಡರಿಗೆ ಯಾರೂ ಬರಲಿಲ್ಲ. ಎರಡನೆಯದಕ್ಕೆ ಒಬ್ಬ ಗುತ್ತಿಗೆದಾರ ಬಂದ. ಬೇಸಿಗೆ ನೆತ್ತಿ ಸುಡುವಾಗ ಕೆಲಸ ಶುರುವಾಯಿತು. ಮಣ್ಣು ಅಗೆದು, ಜಲ್ಲಿ ಹಾಸಿ, ಅಂಚುಗಲ್ಲು ನಿಲ್ಲಿಸಿ, ಕಾಂಕ್ರೀಟು ಹಾಕಿದೆವು. ಮೂವರು ಹುಡುಗಿಯರು ಅಕ್ಕಪಕ್ಕ ನಡೆಯುವಷ್ಟು ಅಗಲ. ಮಳೆ ನೀರು ನಿಲ್ಲದಂತೆ ಹೊಲದ ಕಡೆಗೆ ಚೂರು ವಾಟ ಕೊಟ್ಟೆ. ಕೆಸರಾಗದಂತೆ, ಕಾಲು ಎಡವದಂತೆ ಮೇಲ್ಮೈಯನ್ನು ನುಣ್ಣಗೆ ಮಾಡಿಸಿದೆ. ಬಿಸಿಲಿಗೆ ಕಾಂಕ್ರೀಟು ಸೀಳಬಾರದೆಂದು ಒದ್ದೆ ಗೋಣಿಚೀಲ ಹೊದಿಸಿ ಕಾದೆವು. ಟ್ಯಾಂಕರು ಕೈಕೊಟ್ಟ ದಿನಗಳಲ್ಲಿ ಪಕ್ಕದ ಹೊಲದವರು ತಮ್ಮ ಬೋರಿನ ನೀರು ಬಿಟ್ಟರು. ಎಲ್ಲರೂ ಇಷ್ಟು ಒಲವಿನಿಂದ ಸಹಕರಿಸುವುದನ್ನು ನಾನು ಯಾವ ಕಾಮಗಾರಿಯಲ್ಲೂ ಕಂಡಿರಲಿಲ್ಲ. ಶಾಲೆಯ ಗೇಟಿನ ಮುಂದೆ ಉಬ್ಬು ಹಾಕಿ ಬಿಳಿ ಪಟ್ಟೆ ಬಳಿಸಿದೆ.

ಶಾಲೆ ಶುರುವಾದ ದಿನ ಹೋಗಿ ನೋಡಿದೆ. ಈಗ ಒಂಬತ್ತನೇ ತರಗತಿಗೆ ಬಂದಿದ್ದ ಆ ಹುಡುಗಿ ಗೆಳತಿಯರ ಜೊತೆ ಕಾಲುದಾರಿಯ ಮೇಲೆ ಬರುತ್ತಿದ್ದಳು. ನನ್ನನ್ನು ಗುರುತು ಹಿಡಿದು ನಕ್ಕಳು. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಾಲ್ಕು ತಿಂಗಳು ಆ ಸಂತೋಷದಲ್ಲೇ ಕಳೆಯಿತು.

ದಸರಾ ಮುಗಿದ ಮೇಲೆ ಮುಖ್ಯ ಶಿಕ್ಷಕಿಯ ಫೋನು ಬಂತು.

“ನಿಮ್ಮ ಫುಟ್‌ಪಾತ್ ಭಾಳ ಚಲೋ ಆಗೈತಿ ಅಂತ ಊರೋರೆಲ್ಲ ಹೊಗಳಾಕತ್ಯಾರ್ರಿ,” ಎಂದರು. ಅವರ ದನಿಯಲ್ಲಿ ಹೊಗಳಿಕೆಯೇನೂ ಇರಲಿಲ್ಲ.

“ಯಾಕ ಹಿಂಗಂತೀರಿ ಮೇಡಂ? ಏನಾತು?”

“ಬಂದು ನೋಡ್ರಿ.”

ಹೋಗಿ ನೋಡಿದೆ. ಹಳ್ಳಿಯಿಂದ ಹಿಡಿದು ಶಾಲೆಯ ಸಮೀಪದವರೆಗೂ ನನ್ನ ಕಾಲುದಾರಿ ಹಳದಿಯಾಗಿತ್ತು. ಒಂದು ಹೆಜ್ಜೆ ಇಡಲು ಜಾಗವಿಲ್ಲದಂತೆ ಮೆಕ್ಕೆಜೋಳ ಹರಡಿತ್ತು. ಕಾಳು ಚೆಲ್ಲದಂತೆ ಅಂಚುಗಲ್ಲು ತಡೆದಿತ್ತು. ನೀರು ನಿಲ್ಲದಂತೆ ನಾನು ಕೊಟ್ಟ ವಾಟ ಕೆಲಸ ಮಾಡುತ್ತಿತ್ತು. ನುಣ್ಣನೆಯ ನೆಲದ ಮೇಲೆ ಗುಡಿಸಿದರೆ ಒಂದು ಕಾಳೂ ಉಳಿಯುವುದಿಲ್ಲ. ನಾನು ಕಾಲುದಾರಿ ಎಂದುಕೊಂಡು ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಇಲ್ಲದಂಥ ಉತ್ತಮ ಕಣವನ್ನು ಕಟ್ಟಿಸಿ ಕೊಟ್ಟಿದ್ದೆ. ಬೇಸಿಗೆಯಲ್ಲಿ ಬೋರಿನ ನೀರು ಯಾಕೆ ಅಷ್ಟು ಧಾರಾಳವಾಗಿ ಹರಿದಿತ್ತು ಎಂಬುದು ಈಗ ಹೊಳೆಯಿತು.

ಕಾಳು ತಿರುವುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನು ನೋಡಿ ಹತ್ತಿರ ಬಂದರು. “ಪುಣ್ಯದ ಕೆಲಸ ಮಾಡೀಯವ್ವಾ. ಒಂದು ಕಾಳು ಮಣ್ಣಿಗಿ ಹೋಗಾಂಗಿಲ್ಲ ನೋಡು. ನಿನ್ನ ಹೊಟ್ಟಿ ತಣ್ಣಗಿರ್ಲಿ,” ಎಂದು ಕೈ ಹಿಡಿದುಕೊಂಡರು. ಆಕೆ ಮನಸಾರೆ ಹರಸುತ್ತಿದ್ದರು. ಬೈಯಲೆಂದು ಬಂದವಳು ಬೈಯದೆ ಜೀಪು ಹತ್ತಿದೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕಚೇರಿ ಮುಟ್ಟುವ ಹೊತ್ತಿಗೆ ಅದು ಏರಿತ್ತು. ಠಾಣೆಗೆ ಪತ್ರ ಬರೆದು ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಕರೆದೊಯ್ದೆ. ಆಟೋಕ್ಕೆ ಧ್ವನಿವರ್ಧಕ ಕಟ್ಟಿ, ಕಾಲುದಾರಿಯ ಮೇಲೆ ಧಾನ್ಯ ಒಣಗಿಸಿದರೆ ಕ್ರಮ ಎಂದು ಕೂಗಿಸಿದೆ. ಅಂದು ಸಂಜೆ ಎಲ್ಲರೂ ಜೋಳ ತುಂಬಿಕೊಂಡು ಹೋದರು. ಕಾನ್‌ಸ್ಟೆಬಲ್‌ಗಳು ಬೇರೆ ಬಂದೋಬಸ್ತಿಗೆ ಹೋದ ಮರುದಿನ ಮತ್ತೆ ತಂದು ಹರಡಿದರು. ಮತ್ತೆ ತೆಗೆಸಿದೆ, ಮತ್ತೆ ಹರಡಿದರು. ಅವರಿಗೆ ನನ್ನ ಮೇಲೆ ಬೇಸರವೂ ಇರಲಿಲ್ಲ. ಮಳೆ ಬಂದಾಗ ಎತ್ತಿ, ಹೊಳವಾದಾಗ ಹರಡುವ ಹಾಗೆ ನನ್ನನ್ನೂ ಒಂದು ಮಳೆಯೆಂದು ಲೆಕ್ಕ ಹಿಡಿದಿದ್ದರು.

ಕಾಲುದಾರಿಯಲ್ಲಿ ಜಾಗ ಸಾಲದವರು ಡಾಂಬರಿನ ಮೇಲೂ ಹರಡತೊಡಗಿದ್ದರು. ಹುಡುಗಿಯರು ಮತ್ತೆ ರಸ್ತೆಗೆ ಇಳಿದಿದ್ದರು. ಮೊದಲಿಗಿಂತ ಈಗ ಅಪಾಯ ಹೆಚ್ಚು ಎಂಬುದು ನನಗೆ ತಿಳಿದದ್ದು ಒಂದು ಬೆಳಿಗ್ಗೆ ಕಣ್ಣಾರೆ ಕಂಡಾಗ. ಎದುರಿನಿಂದ ಜೋಳದ ಲಾರಿ, ಹಿಂದಿನಿಂದ ಬಸ್ಸು. ಉಳಿದವರು ಮುಂದೆ ಹೋಗಿದ್ದರು, ಆ ಒಂಬತ್ತನೇ ತರಗತಿಯ ಹುಡುಗಿ ಹಿಂದೆ ಬಿದ್ದಿದ್ದಳು. ಅಂಚುಗಲ್ಲು ಆಕೆಯ ಕಾಲಿನ ಪಕ್ಕದಲ್ಲೇ ಇತ್ತು. ಒಂದು ಹೆಜ್ಜೆ ಮೇಲಿಟ್ಟಿದ್ದರೆ ಆಗಿತ್ತು. ಆಕೆ ಇಡಲಿಲ್ಲ. ಕಲ್ಲಿಗೆ ಕಾಲು ಒತ್ತಿಕೊಂಡು ನಿಂತಲ್ಲೇ ನಿಂತಳು. ಬಸ್ಸಿನ ಚಾಲಕ ಜೋರಾಗಿ ಬ್ರೇಕು ಒತ್ತಿದ. ಬಸ್ಸು ಆಕೆಯ ಚೀಲಕ್ಕೆ ಒಂದು ಮೊಳ ದೂರದಲ್ಲಿ ನಿಂತಿತ್ತು.

ಓಡಿ ಹೋಗಿ ರಟ್ಟೆ ಹಿಡಿದು ಗದರಿದೆ. “ಕಣ್ಣ ಮುಂದ ಬಸ್ ಬರಾಕತ್ತೈತಿ. ಒಂದು ಹೆಜ್ಜಿ ಮ್ಯಾಲ ಇಡಾಕ ಏನಾಗಿತ್ತು ನಿನಗ?”

“ಕಾಳು ಐತಲ್ರಿ ಮೇಡಂ,” ಎಂದಳು. “ಚಪ್ಲಿ ಕಾಲಾಗ ಹೆಂಗ ತುಳಿಬೇಕ್ರಿ?”

ನಾನೂ ಇದೇ ಸೀಮೆಯ ಹಿರೇಹಡಗಲಿಯಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿ ಮೊರದಿಂದ ಒಂದು ಕಾಳು ಕಾಲಿಗೆ ತಾಗಿದರೂ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ತಿರುವಿ ಹಾಕುವ ಬರಿಗಾಲು ಕಾಳಿನಲ್ಲಿ ಆಡಬಹುದು, ಚಪ್ಪಲಿ ಕಾಲು ತಾಗಬಾರದು. ಆ ಜಾಗದಲ್ಲಿ ನಾನಿದ್ದರೂ ನನ್ನ ಕಾಲು ಮೇಲೇಳುತ್ತಿರಲಿಲ್ಲ. ಇದು ಯಾವ ತರಬೇತಿಯ ಚಿತ್ರದಲ್ಲೂ ಇರಲಿಲ್ಲ ನಿಜ. ಆದರೆ ನನಗಂತೂ ಗೊತ್ತಿತ್ತು. ಕಾಲುದಾರಿ ಕಟ್ಟುವ ಮೊದಲು ಮಕ್ಕಳು ಕಾಳು ಇಲ್ಲದ ಕಡೆ ಸಂದಿ ಹುಡುಕಿ ಮಣ್ಣಿಗೆ ಜಿಗಿಯುತ್ತಿದ್ದರು. ಈಗ ನಾನು ಆ ಅಂಚಿನುದ್ದಕ್ಕೂ ಕಲ್ಲು ಕಟ್ಟಿ, ಅದರ ಮೇಲೆ ತುಳಿಯಲಾಗದ ಗೋಡೆಯೊಂದನ್ನು ಹರಡಲು ಜಾಗ ಮಾಡಿಕೊಟ್ಟಿದ್ದೆ.

ಸುದ್ದಿ ಮನೆ ಮುಟ್ಟಿತು. ಅಂದಿನಿಂದಲೇ ಹುಡುಗಿ ಶಾಲೆಗೆ ಬರುವುದು ನಿಂತಿತು. ಈ ಸಲ ಅಪ್ಪ ಸುಗ್ಗಿ ಮುಗಿಯುವ ತನಕ ಎಂದೂ ಹೇಳಲಿಲ್ಲ, ಸಾಕು ಎಂದನಂತೆ. ಮರುದಿನ ಸಂಜೆ ಅವರ ಮನೆಗೆ ಹೊರಟೆ. ಹೋಗುವಾಗ ದಾರಿಯಲ್ಲಿ, ಹುಡುಗಿ ನಿಂತಿದ್ದ ಅದೇ ಜಾಗದ ಕಾಳನ್ನು ಒಬ್ಬಾತ ಹಲುಬೆಯಿಂದ ಎಳೆದು ಗುಡ್ಡೆ ಮಾಡುತ್ತಿದ್ದ. ಹತ್ತಿರ ಹೋಗಿ ನೋಡಿದರೆ ಆ ಅಪ್ಪನೇ.

“ಈ ಜ್ವಾಳ ನಿಮ್ದಾ ಯಜಮಾನ್ರ?” ಎಂದೆ.

“ನಂದ ರಿ. ಸುಳ್ಳು ಯಾಕ ಹೇಳ್ಲಿ?” ಎಂದ.

“ನಿಮ್ಮ ಮಗಳು ಕಾಲಿಡಾಕ ಜಾಗ ಇಲ್ದಂಗ ಮಾಡಿದ್ದು ನಿಮ್ಮ ರಾಶಿನ. ಆಮ್ಯಾಲ ನೀವ ಆಕಿನ್ನ ಶಾಲಿ ಬಿಡಿಸಿ ಮನ್ಯಾಗ ಕೂಡಸ್ತೀರಿ.”

ಆತ ಹಲುಬೆ ಕೆಳಗಿಟ್ಟ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. “ನಿನ್ನಿಯಿಂದ ಅದ ತಲ್ಯಾಗ ಓಡಾಕತ್ತೈತ್ರಿ,” ಎಂದ. “ನಾ ಒಬ್ಬಾಂವ ತೆಗುದ್ರ ದಾರಿ ಖಾಲಿ ಆಕೈತೇನ್ರಿ? ನಾಳಿ ಇನ್ನೊಬ್ಬಾಂವ ಹಾಕ್ತಾನ. ಹೊಲ್ದಾಗ ಹಸಿ ಆರಿಲ್ಲ. ಮೊದ್ಲಿನ ಕಣ ಯಾರ ಹೊಲ್ದಾಗ ಉಳದೈತಿ? ನೀವ ಒಂದು ಜಾಗ ತೋರಸ್ರಿ, ಅಲ್ಲಿ ಹಾಕ್ತೀನಿ.”

ನನ್ನ ಬಳಿ ತೋರಿಸಲು ಜಾಗವಿರಲಿಲ್ಲ. ಶಾಲೆಯ ಮೈದಾನ ಕೇಳಿದೆ, ಮುಖ್ಯ ಶಿಕ್ಷಕಿ ನನ್ನತ್ತ ಒಂದು ನೋಟ ಬೀರಿದರು, ಆ ಮಾತನ್ನು ಅಲ್ಲಿಗೇ ಬಿಟ್ಟೆ. ಎರಡು ದಿನ ನಕ್ಷೆ ಹರಡಿಕೊಂಡು ಕೂತೆ. ಆ ಹಳ್ಳಿಯ ಪಕ್ಕದಲ್ಲೇ ರಸ್ತೆಗೆ ಹಿಂದೆ ಒಂದು ಕೆಟ್ಟ ತಿರುವು ಇತ್ತು. ಬಹಳ ವರ್ಷಗಳ ಹಿಂದೆ ಅದನ್ನು ನೇರ ಮಾಡಿ, ಹಳೆಯ ತಿರುವನ್ನು ಹಾಗೇ ಬಿಟ್ಟಿದ್ದರು. ಜಾಗ ಇನ್ನೂ ಇಲಾಖೆಯದೇ. ಹೋಗಿ ನೋಡಿದರೆ ತುಂಬ ಜಾಲಿ ಬೆಳೆದಿತ್ತು. ಮುಳ್ಳು ಸರಿಸಿ ಬೂಟಿನಿಂದ ಮಣ್ಣು ಕೆರೆದೆ. ಅಡಿಯಲ್ಲಿ ಡಾಂಬರು ಗಟ್ಟಿಯಾಗಿತ್ತು.

ಕುಣಿದಾಡುವಷ್ಟು ಖುಷಿಯಾಯಿತು. ನೇರವಾಗಿ ಕಾಲುದಾರಿಗೆ ಬಂದು ಕಾಳು ತಿರುವುತ್ತಿದ್ದವರಿಗೆಲ್ಲ ಹೇಳಿದೆ. ಜಾಲಿ ಕಡಿಸಿ ಕೊಡುತ್ತೇನೆ, ಎಲ್ಲರೂ ಅಲ್ಲಿ ಹರಡಿಕೊಳ್ಳಿ ಎಂದೆ. ಯಾರ ಮುಖದಲ್ಲೂ ಖುಷಿ ಕಾಣಲಿಲ್ಲ.

“ಅಲ್ಲಿ ಯಾರು ಬರ್ತಾರ್ರಿ?” ಎಂದು ಒಬ್ಬ ಕೇಳಿದ. ಉಳಿದವರು ತಲೆ ಆಡಿಸಿದರು. ಕಳ್ಳರ ಭಯಕ್ಕೆ ಹೇಳುತ್ತಿದ್ದಾರೆ ಎಂದು ತಿಳಿದು, ದೀಪ ಹಾಕಿಸುತ್ತೇನೆ ಎಂದೆ. ಅವರು ಕೆಲಸಕ್ಕೆ ಹೊರಳಿದರು.

ಉತ್ತರ ಸಿಕ್ಕಿದ್ದು ಅದೇ ಮಧ್ಯಾಹ್ನ, ನನ್ನ ಸಿಟ್ಟಿನಿಂದಾಗಿ. ಒಂದು ಗೂಡ್ಸ್ ಗಾಡಿ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಬೈಕಿನವ ಅಡ್ಡ ತಿರುಗಿಸಿ ಪಾರಾದ. ಗಾಡಿಯಿಂದ ಬಿಳಿ ಗಡ್ಡದ ವ್ಯಾಪಾರಿಯೊಬ್ಬ ಇಳಿದು, ಯಾವ ಗಡಿಬಿಡಿಯೂ ಇಲ್ಲದೆ ಕಾಲುದಾರಿಗೆ ಹೋಗಿ, ಒಂದು ಹಿಡಿ ಕಾಳು ಎತ್ತಿ ಒಂದನ್ನು ಹಲ್ಲಿನಿಂದ ಕಡಿದು ನೋಡಿದ. ನಾನು ಬಾಯಿಗೆ ಬಂದಂತೆ ಬೈದೆ. ಆತ ಪೂರ್ತಿ ಕೇಳಿಸಿಕೊಂಡು, ಶಾಲೆಯ ಎದುರಿನ ಅಂಗಡಿಯಲ್ಲಿ ನನಗೆ ಚಹಾ ಹೇಳಿದ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ,” ಎಂದ. “ನಾವು ಹರಪನಹಳ್ಳಿ ಮಂದಿ. ಗಾಡಿ ಹೊಡ್ಕೋತ ಬರ್ತೀವಿ. ಎಲ್ಲಿ ಹಳದಿ ಕಾಣ್ತೈತಿ, ಅಲ್ಲಿ ಬ್ರೇಕು. ಕಾಳು ನೋಡಿ ಮಾತಾಡಿ, ಒಪ್ಪಿದ್ರ ಅಲ್ಲೇ ತುಂಬ್ಕೊಂಡು ಹೋಗ್ತೀವಿ. ರೈತನಿಗಿ ಪ್ಯಾಟಿಗಿ ಸಾಗ್ಸೋ ದಂದುಗ ಇಲ್ಲ.”

“ಅಂದ್ರ ಇವರು ಕಾಳು ಒಣಗ್ಸಾಕ ಅಷ್ಟ ರಸ್ತಿಗಿ ಹಾಕಾಂಗಿಲ್ಲ.”

“ನನ್ನ ಕಣ್ಣಿಗಿ ಬೀಳ್ಲಿ ಅಂತ ಹಾಕ್ತಾರ್ರಿ. ಒಳಗ ಎಲ್ಲೋ ಹಾಕಿದ್ರ ಯಾಂವ ಹುಡಿಕ್ಕೋತ ಬರ್ತಾನ?”

ಚಹಾ ಲೋಟ ಕೆಳಗಿಟ್ಟೆ. ಯಾರು ಬರ್ತಾರೆ ಎಂದು ಅವರು ಕೇಳಿದ್ದು ಕಳ್ಳನ ಬಗ್ಗೆ ಅಲ್ಲ, ಈತನ ಬಗ್ಗೆ. ನಾನು ಇಷ್ಟು ದಿನ ಜೋಳವನ್ನು ಎಬ್ಬಿಸಲು ಒದ್ದಾಡುತ್ತಿದ್ದೆ. ಎಬ್ಬಿಸಬೇಕಾದವನು ನನ್ನೆದುರು ಚಹಾ ಕುಡಿಯುತ್ತಿದ್ದ.

“ಚಾಚಾ, ನಿಮ್ಮ ತೂಕದ ಕಾಟಾ ಹಳೀ ರಸ್ತಿ ತಿರುವಿನ್ಯಾಗ ಇಟ್ರ?” ಎಂದೆ.

ಆತ ತಕ್ಷಣ ಒಪ್ಪಲಿಲ್ಲ. ಜಾಗ ನೋಡಲು ಬಂದ. ಜಾಲಿಯ ನಡುವೆ ನಿಂತು ಲೆಕ್ಕ ಹಾಕಿದ. ಲಾರಿ ತಿರುಗಲು ಜಾಗ ಬೇಕು, ಹೆದ್ದಾರಿಯಿಂದ ಒಳಗೆ ಬರುವ ಬಾಯಿ ಅಗಲವಾಗಬೇಕು, ಕೆಸರು ಇರಬಾರದು. “ಅಷ್ಟು ಮಾಡ್ರಿ, ಈ ಸುಗ್ಗಿ ಮುಗಿಯೋತನಕ ನನ್ನ ಕಾಟಾ ಇಲ್ಲೇ ಇರತೈತಿ. ನಾ ಕುಂತ್ರ ಉಳದ ವ್ಯಾಪಾರಸ್ಥರೂ ಬರ್ತಾರ,” ಎಂದ.

ಮೇಲಧಿಕಾರಿಯ ಮುಂದೆ ಮತ್ತೆ ನಿಂತೆ.

“ರೈತರ ಕಣಕ್ಕ ಇಲಾಖೆ ರೋಲರ್ ಕಳಿಸಿದಿ ಅಂತ ನಾಳಿ ಕೇಳಿದ್ರ ನಾ ಏನ್ ಹೇಳ್ಲಿ?”

“ಕಣ ಅಲ್ಲ ಸರ್. ಲಾರಿಗಳು ಹೆದ್ದಾರಿ ಮ್ಯಾಲ ನಿಂತು ಲೋಡ್ ಮಾಡಾಕತ್ಯಾವು. ಅವು ಹೊರಗ ನಿಲ್ಲಾಕ ಒಂದು ತಂಗುದಾಣ ಬೇಕು. ನಿಯಮದಾಗ ಅವಕಾಶ ಐತಿ.” ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಲಾರಿ ನಿಲ್ಲುವ ಜಾಗದಲ್ಲಿ ಉಳಿದ ಹೊತ್ತು ಏನು ಹರಡಿರುತ್ತದೆ ಎಂಬುದನ್ನು ನಾನು ಬರೆದಿರಲಿಲ್ಲ, ಅಷ್ಟೇ.

ಅವರು ಬಹಳ ಹೊತ್ತು ಕಾಗದ ನೋಡಿದರು. “ಮೊದ್ಲು ಫುಟ್‌ಪಾತ್ ಅಂತ ಹೇಳಿ ಕಣ ಕಟ್ಟಿದಿ. ಈಗ ತಂಗುದಾಣ ಅಂತ ಹೇಳಿ ಏನ್ ಕಟ್ತೀಯೋ,” ಎಂದು ನಗುತ್ತಲೇ ನಿರ್ವಹಣೆಯ ಅನುದಾನದಲ್ಲಿ ಮಾಡಲು ಬರೆದುಕೊಟ್ಟರು.

ಜೆಸಿಬಿಯಲ್ಲಿ ಜಾಲಿ ಬೇರು ಸಮೇತ ಕಿತ್ತೆವು. ಮಣ್ಣು ಕೆರೆದು, ಒಡೆದ ಕಡೆ ಜಲ್ಲಿ ತುಂಬಿ, ತೆಳುವಾಗಿ ಡಾಂಬರು ಹಾಕಿ ರೋಲರ್ ಹೊಡೆಸಿದೆ. ಒಳಬರುವ ಬಾಯಿಯನ್ನು ಅಗಲ ಮಾಡಿ, ಎರಡೂ ಕಡೆ ಸೂಚನಾ ಫಲಕ ನೆಡಿಸಿದೆ. ವ್ಯಾಪಾರಿ ಹೇಳಿದ ಮಾತಿನಂತೆ ಕಾಟಾ ತಂದಿಟ್ಟು, ಛತ್ರಿ ನಿಲ್ಲಿಸಿ ಕೂತ. ಕಾಳು ಮಾತ್ರ ಬರಲಿಲ್ಲ. ಎಲ್ಲರೂ ಎಲ್ಲರನ್ನೂ ನೋಡುತ್ತ ಉಳಿದರು. ಮೊದಲು ಹೋದವನ ಜೋಳ ಬಿಕರಿಯಾಗದಿದ್ದರೆ ಎಂಬ ಅನುಮಾನ.

ಹುಡುಗಿಯ ಅಪ್ಪನ ಮನೆಗೆ ಹೋಗಿ, “ಜಾಗ ತೋರಸ್ರಿ ಅಂದಿದ್ರಿ, ತೋರಿಸೀನಿ,” ಎಂದೆ. ಆತ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದೆ ಹುಡುಗಿ ಇದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು. “ಮಾತಿಗಿ ತಪ್ಪಾಂಗಿಲ್ರಿ,” ಎಂದು ಎದ್ದ. ಮರುದಿನ ತನ್ನ ಅಷ್ಟೂ ಕಾಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದು ಹಳೆ ರಸ್ತೆಯ ಮೇಲೆ ಹರಡಿದ. ಊರಿಗೆ ಊರೇ ನೋಡುತ್ತಿತ್ತು.

ಅಂದು ಮಧ್ಯಾಹ್ನ ಮೋಡ ಕಟ್ಟಿತು. ನಾನು ಬೇರೆ ಕೆಲಸ ಬಿಟ್ಟು ಓಡಿ ಬರುವಷ್ಟರಲ್ಲಿ ಮಳೆ ಸುರಿಯುತ್ತಿತ್ತು. ಆತ ಹೆಂಡತಿಯ ಜೊತೆ ತಾಡಪತ್ರಿ ಹೊದಿಸಿದ್ದ. ಮೇಲಿನಿಂದ ಬೀಳುವ ನೀರಿಗೆ ಅದು ಸಾಕಿತ್ತು, ಪಕ್ಕದ ಏರಿನಿಂದ ಹರಿದು ಬರುವ ನೀರಿಗೆ ಸಾಲಲಿಲ್ಲ. ಹಳೆ ರಸ್ತೆಯ ಅಡಿಯ ಮೋರಿ ಎಂದೋ ಹೂತು ಹೋಗಿದ್ದನ್ನು ನಾನು ಗಮನಿಸಿರಲಿಲ್ಲ. ನೀರು ಡಾಂಬರಿನ ಮೇಲೆ ಏರಿ ತಾಡಪತ್ರಿಯ ಕೆಳಗೆ ನುಗ್ಗುತ್ತಿತ್ತು. ಈತನ ಜೋಳ ಕೆಟ್ಟರೆ ಇಲ್ಲಿಗೆ ಮತ್ಯಾರೂ ಬರುವುದಿಲ್ಲ, ಆ ಹುಡುಗಿಯೂ ಮನೆ ದಾಟುವುದಿಲ್ಲ. ಅದೊಂದೇ ನನ್ನ ತಲೆಯಲ್ಲಿತ್ತು. ಜೀಪಿನಲ್ಲಿದ್ದ ಗುದ್ದಲಿ ತೆಗೆದುಕೊಂಡು ಏರಿನ ಕಡೆ ಕಾಲುವೆ ಕಡಿಯತೊಡಗಿದೆ. ಓದು ಮುಗಿದ ಮೇಲೆ ನಾನು ಗುದ್ದಲಿ ಹಿಡಿದದ್ದು ಅದೇ ಮೊದಲು. ಜೀಪಿನ ಚಾಲಕ ಇನ್ನೊಂದು ಹಿಡಿದ. ವ್ಯಾಪಾರಿ ಲುಂಗಿ ಎತ್ತಿಕಟ್ಟಿ ಮಣ್ಣು ಎಳೆದ. ಆಮೇಲೆ ನೋಡಿದರೆ ಕಾಲುದಾರಿಯ ಕಡೆಯಿಂದ ನಾಲ್ಕೈದು ಮಂದಿ ಸಲಿಕೆ ಹಿಡಿದು ಬರುತ್ತಿದ್ದರು. ತಮ್ಮ ರಾಶಿ ಮುಚ್ಚಿ ಬಂದಿದ್ದರು. ನೀರು ಪಕ್ಕದ ಹಳ್ಳದ ಕಡೆ ತಿರುಗಿತು.

ಒಂದು ಅಂಚಿನ ಕಾಳು ನೆನೆದಿತ್ತು. ನಾನು ಕೆಸರು ಮೆತ್ತಿಕೊಂಡು ಆತನ ಮುಂದೆ ನಿಂತೆ. ಆತ ತಾಡಪತ್ರಿಯ ನೀರು ಕೊಡವುತ್ತಿದ್ದ.

“ರಸ್ತಿ ಮ್ಯಾಲ ಹಾಕಿದ್ರೂ ತೊಯ್ತಿತ್ತು ಬಿಡ್ರಿ,” ಎಂದ. “ಅಲ್ಲಿ ತೊಯ್ದಾಗ ಯಾವ ಮೇಡಮ್ಮನೂ ಗುದ್ಲಿ ಹಿಡೀತಿದ್ದಿಲ್ಲ.”

ಮರುದಿನ ಮೋರಿ ಬಿಡಿಸಿ, ಏರಿನ ಕಾಲುವೆಗೆ ಕಲ್ಲು ಕಟ್ಟಿಸಿದೆ. ಬಿಸಿಲು ಚೆನ್ನಾಗಿ ಬಿತ್ತು. ಕಾಳು ಒಣಗಿದ ಮೇಲೆ ವ್ಯಾಪಾರಿ ಎಲ್ಲರೆದುರು ತೇವಾಂಶದ ಮೀಟರ್‌ನಲ್ಲಿ ನೋಡಿ, ಅದನ್ನು ನಂಬದವನಂತೆ ಒಂದು ಕಾಳು ಕಡಿದೂ ನೋಡಿ, ಕಾಟಾದ ಮೇಲೆ ಮೊದಲ ಚೀಲ ಇಡಲು ಹೇಳಿದ. ಊರಿನವರು ನೋಡಬೇಕಾದ್ದನ್ನು ನೋಡಿದರು. ಆ ವಾರ ಒಂದರ ಹಿಂದೊಂದು ಟ್ರ್ಯಾಕ್ಟರು ಹಳೆ ರಸ್ತೆಗೆ ತಿರುಗಿದವು. ಉಳಿದ ವ್ಯಾಪಾರಿಗಳೂ ಬಂದರು. ಕೊನೆಗೆ ಕಾಲುದಾರಿಯ ಮೇಲೆ ಹಟಕ್ಕೆ ಉಳಿದ ಒಬ್ಬನ ಬಳಿ ಯಾರೂ ಗಾಡಿ ನಿಲ್ಲಿಸದೆ, ಅವನೂ ಎತ್ತಿಕೊಂಡು ಬಂದ. ಒಂದು ದಿನವೂ ಪೊಲೀಸರ ಅಗತ್ಯ ಬೀಳಲಿಲ್ಲ. ಟ್ರ್ಯಾಕ್ಟರು ಹತ್ತದಂತೆ ಕಾಲುದಾರಿಯ ಎರಡೂ ತುದಿಗೆ ಗಿಡ್ಡ ಕಂಬ ನೆಡಿಸಿ, ಮಕ್ಕಳು ಹತ್ತಿ ಇಳಿಯಲು ಅಲ್ಲಲ್ಲಿ ಅಂಚುಗಲ್ಲು ತಗ್ಗು ಮಾಡಿಸಿದೆ. ನನಗೆ ಪುಣ್ಯದ ಕೆಲಸ ಮಾಡೀಯವ್ವಾ ಎಂದಿದ್ದ ಹಿರಿಯ ಹೆಂಗಸು ಮಾತ್ರ, ಆ ಕಾಂಕ್ರೀಟಿನಂಥ ನುಣುಪು ಇಲ್ಲಿಲ್ಲ ಎಂದು ಈಗಲೂ ಕೊರಗುತ್ತಾರೆ.

ಕಾಲುದಾರಿ ಖಾಲಿಯಾದ ಸೋಮವಾರ ಹುಡುಗಿ ಶಾಲೆಗೆ ಹೋದಳು. ಅಪ್ಪ ಮೊದಲ ದಿನ ಗೇಟಿನವರೆಗೂ ಹಿಂದೆ ನಡೆದು ಬಂದು, ಆಮೇಲೆ ಬರುವುದನ್ನು ಬಿಟ್ಟನಂತೆ. ಅದನ್ನು ಕೇಳಿದ ದಿನ ನಾನೊಬ್ಬಳೇ ಇಬ್ಬರ ಊಟ ಮಾಡಿದೆ.

ಕೆಲವು ದಿನ ಕಳೆದು ಮುಖ್ಯ ಶಿಕ್ಷಕಿಯ ಫೋನು ಬಂತು. ಅವರ ಹೆಸರು ನೋಡಿದೊಡನೆ ಮತ್ತೆ ಯಾರೋ ಕಾಳು ಹರಡಿದರೆಂದು ಹೆದರಿದೆ.

“ಒಂದು ದೂರು ಐತ್ರಿ,” ಎಂದರು.

“ಹೇಳ್ರಿ ಮೇಡಂ.”

“ಆ ಹಳ್ಳಿ ಹುಡಿಗ್ಯಾರು ದಿನಾ ತಡಾ ಮಾಡಿ ಬರಾಕತ್ಯಾವ್ರಿ. ಮೊದ್ಲು ಗಾಡಿಗಿ ಹೆದರಿ ದಡದಡ ನಡ್ಕೊಂಡು ಎಲ್ಲಾರಕ್ಕಿಂತ ಮುಂಚೆ ಬಂದು ನಿಂದರ್ತಿದ್ವು. ಈಗ ಸಾಲ್ ಹಿಡಿದು ಮಾತಾಡ್ಕೋತ, ನಕ್ಕೋತ, ನಿಂತು ನಿಂತು ಬರ್ತಾವು. ನಿಮ್ಮ ಆ ಹುಡಿಗಿನ ಎಲ್ಲಾರಿಗೂ ಮುಂದಾಳು. ಬರೋದ್ರಾಗ ಪ್ರಾರ್ಥನಿ ಅರ್ಧ ಮುಗಿದಿರತೈತಿ. ಬೈದ್ರ ಇನ್ನೂ ನಗ್ತಾವು. ಇದಕ್ಕ ನಿಮ್ಮ ಇಲಾಖೆಯಾಗ ಏನರ ಪರಿಹಾರ ಐತೇನ್ರಿ?”

“ಇದಕ್ಕ ನಮ್ಮಲ್ಲಿ ಪರಿಹಾರ ಇಲ್ರಿ ಮೇಡಂ,” ಎಂದೆ. “ನೀವ ಪ್ರಾರ್ಥನಿ ಒಂಚೂರು ತಡಾ ಶುರು ಮಾಡ್ರಿ.”